ನಾಮಕರ್ತನ ಕತ್ತರಿ

2024ರ ಅಕ್ಟೋಬರ್ 2ರಂದು, ಸೆಲೀನ್ ಎಂಬ ವೈಭವದ ಉಡುಪಿನ ಮನೆತನದಿಂದ ವಿನ್ಯಾಸಕ ಎಡಿ ಸ್ಲಿಮಾನ್ ಮಹಾಶಯರು ನಿರ್ಗಮಿಸಿದರೆಂಬ ವಾರ್ತೆ ಅದೇ ಮನೆತನದ ಪ್ಯಾರಿಸ್ಸಿನ ಹೊಲಿಗೆಯ ಕೋಣೆಯೊಂದನ್ನು ತಲುಪಲು, ಕೋಟಿನ ತೋಳಿಗೆ ಕಚ್ಚಾ ಹೊಲಿಗೆ ಹಾಕುತ್ತಿದ್ದ ಶಿಷ್ಯನು ಸೂಜಿಯನ್ನು ಅಲ್ಲಿಯೇ ಚುಚ್ಚಿಟ್ಟು ವೃದ್ಧ ದರ್ಜಿಯತ್ತ ತಿರುಗಿದನು.

"ಗುರುಗಳೇ, ಅವರ ಮಹತ್ಕಾರ್ಯವಾದರೂ ಯಾವುದು?"

"ಕೇಳಯ್ಯಾ. 2012ರಲ್ಲಿ ಈವ್ ಸ್ಯಾಂ ಲೊರಾಂ ಮನೆಯನ್ನು ಪ್ರವೇಶಿಸಿ, ಸಿದ್ಧ ಉಡುಪುಗಳ ಹೆಸರಿನಿಂದ 'ಈವ್' ಎಂಬುದನ್ನೇ ಕತ್ತರಿಸಿ, 2016ರಲ್ಲಿ ಹೊರಟರು. 2018ರಲ್ಲಿ ಇಲ್ಲಿಗೆ ದಯಮಾಡಿಸಿ, ಒಂದು ಅಂಗಿಯನ್ನೂ ಪ್ರದರ್ಶಿಸುವ ಮುನ್ನವೇ, ನಮ್ಮ ನಾಮಫಲಕದ ಅಕ್ಷರವೊಂದರ ನೆತ್ತಿಯಲ್ಲಿದ್ದ ಸಣ್ಣ ಗೀಟನ್ನು ಅಳಿಸಿದರು. ಬಟ್ಟೆ ಕತ್ತರಿಸಲು ನಮ್ಮಂಥವರು ಸಾಕು. ಹೆಸರು ಕತ್ತರಿಸಲು ಮಹಾಪುರುಷರೇ ಅವತರಿಸಬೇಕು!"

"ಜನರು ಒಪ್ಪಿದರೇ?"

"ಹಿಂದಿನ ವಿನ್ಯಾಸಕಿ ಫೀಬಿ ಫೈಲೋ ಅವರ ಭಕ್ತವೃಂದವು ಶೋಕಿಸಿ, ಗೀಟುಳ್ಳ ಹಳೆಯ ಚೀಲಗಳನ್ನು ದೇವರ ಪೆಟ್ಟಿಗೆಯಂತೆ ಕಾಪಾಡಿತು. ವ್ಯಾಪಾರವೇನೋ ಬೆಳೆಯಿತು. ಆತನ ಕೋಟಿನ ಭುಜವೂ ಸೊಗಸೇ; ಸುಳ್ಳಾಡಲಾರೆ."

"ಇನ್ನು ಮನೆಗೆ ದಿಕ್ಕು?"

"ಸೂತಕ ಕಳೆಯುವಷ್ಟೂ ವ್ಯವಧಾನವಿಲ್ಲದೆ ಅದೇ ದಿನ ಉತ್ತರಾಧಿಕಾರಿಯ ನಾಮಘೋಷಣೆಯಾಯಿತು: ಮೈಕಲ್ ರೈಡರ್. ಫೈಲೋ ಅವರ ಕಾಲದಲ್ಲಿ ಇದೇ ಮನೆಯಲ್ಲಿ ದುಡಿದವರು. ಮುಂದಿನ ವರ್ಷದ ಆದಿಯಲ್ಲಿ ಬರುತ್ತಾರೆ."