ವಾಲಿ ಕೇಳಿ ಹತ್ತು ನಿಮಿಷ ಆಯ್ತು

ಅಪ್ಪಯ್ಯ, ಅಮ್ಮ ಸೀತೂರಿನಿಂದ ನ್ಯೂಜೆರ್ಸಿಗೆ ಬಂದ ಮೊದಲ ವಾರ. ಆಫೀಸಿನಲ್ಲಿ ಮೀಟಿಂಗು ನಡೆಯುತ್ತಿತ್ತು. ಅಪ್ಪಯ್ಯನ ಫೋನು.

“ಮಾಣಿ, ವಾಲಿ ಕೇಳಿ ಹತ್ತು ನಿಮಿಷ ಆಯ್ತು. ರಾಮ ಇನ್ನೂ ಉತ್ತರ ಕೊಟ್ಟಿಲ್ಲ.”

ಅಂದರೆ ನೆಲಮಾಳಿಗೆಯ ಸರ್ವರ್ ಮಲಗಿದೆ ಎಂದರ್ಥ. ಅಪ್ಪಯ್ಯನಿಗೆ ಬೇಜಾರಾಗದಿರಲಿ ಎಂದು ಹಳೇ ಲ್ಯಾಪ್‌ಟಾಪಿಗೆ ವಿಡಿಯೋ ಬಡಿಸುವ ಜೆಲ್ಲಿಫಿನ್ ಹಾಕಿ ತಾಳಮದ್ದಲೆ ತುಂಬಿಸಿಟ್ಟಿದ್ದೆ. ಎಂಬಿ ಎಂಬ ತಂತ್ರಾಂಶ ತನ್ನ ಮೂಲಸಂಕೇತಕ್ಕೆ ಬೀಗ ಹಾಕಿದಾಗ, 2018ರ ಡಿಸೆಂಬರಿನಲ್ಲಿ ಪಾಲು ತಗೊಂಡು ಬೇರೆ ಒಲೆ ಹೂಡಿದ ತಮ್ಮ ಈ ಜೆಲ್ಲಿಫಿನ್. ತಪ್ಪು ಅದರದ್ದಲ್ಲ, ಲ್ಯಾಪ್‌ಟಾಪಿನ ಅರೆಹೊಟ್ಟೆ ಮೆಮೊರಿಯದು.

ಲಿನಕ್ಸಿನಲ್ಲಿ ಸಿಸ್ಟಮ್‌ಡಿ ಎಂಬ ಮೇಸ್ತ್ರಿ ಇದ್ದಾನೆ. ‘ರೀಸ್ಟಾರ್ಟ್’ ಎಂದು ಒಂದು ಸಾಲು ಬರೆದುಕೊಟ್ಟರೆ ಬಿದ್ದ ಆಳನ್ನು ತಾನೇ ಎಬ್ಬಿಸುತ್ತಾನೆ. ಬರೆದುಕೊಟ್ಟು ನಿಶ್ಚಿಂತನಾದೆ.

ಮೂರನೇ ದಿನ ಮತ್ತೆ ಫೋನು. “ಸಂಧಾನಕ್ಕೆ ಹೊರಟ ಕೃಷ್ಣ ಬಾಗಿಲಲ್ಲೇ ನಿಂತಿದಾನೆ.”

ಮೊಬೈಲಿನಲ್ಲಿ ನೋಡಿದೆ. “ಸರಿಯಾಗೇ ಇದೆ ಅಪ್ಪಯ್ಯ, ಹಸಿರು ತೋರಿಸ್ತಿದೆ.”

“ನಿಂಗೆ ಹಸಿರು ಕಾಣ್ತಿದೆ. ನಂಗೆ ಕೃಷ್ಣ ಕಾಣ್ತಿಲ್ಲ.”

ಸಂಜೆ ಪಾಠವಾಯಿತು. ಊರಲ್ಲಿ ನಮ್ಮ ಮನೆಗೆ ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು. ಮಳೆಗಾಲದಲ್ಲಿ ದರಗು ಸಿಕ್ಕಿಕೊಂಡರೆ ಕಂಬಳಿಕೊಪ್ಪೆ ಹೊದ್ದು ಗುಡ್ಡ ಹತ್ತಬೇಕು. “ಪೈಪು ಇದ್ಯಾ ಅಂತ ನೋಡಿದ್ರೆ ಅದು ಯಾವಾಗ್ಲೂ ಇರ್ತದೆ. ತೊಟ್ಟಿಗೆ ನೀರು ಬೀಳ್ತಾ ಅಂತ ನೋಡ್ಬೇಕು ಮಾರಾಯ” ಅಂದರು.

ನಾನು ಇಷ್ಟು ದಿನ ಪೈಪು ನೋಡುತ್ತಿದ್ದೆ! ಅಂದೇ ರಾತ್ರಿ ಒಂದು ಸ್ಕ್ರಿಪ್ಟು ಬರೆದೆ. ನಿಮಿಷಕ್ಕೊಮ್ಮೆ ಅದು 8096ನೇ ಪೋರ್ಟಿನ ಬಾಗಿಲು ತಟ್ಟಿ “ಆರೋಗ್ಯವಾ?” ಅನ್ನುತ್ತದೆ. ಉತ್ತರ ಬಂದರೆ ನೀರು ಬೀಳುತ್ತಿದೆ ಎಂದು ಲೆಕ್ಕ, ಬಾರದಿದ್ದರೆ ಎಬ್ಬಿಸುತ್ತದೆ. ಮೊದಮೊದಲು ಒಂದೇ ತಟ್ಟಿಗೆ ಎಬ್ಬಿಸುತ್ತಿತ್ತು. ವಿಡಿಯೋ ಅರೆಯುವ ಭರದಲ್ಲಿ ಸರ್ವರ್ ಓಗೊಡುವುದು ತುಸು ತಡವಾದರೂ ಸಾಕು, ಕತ್ತು ಹಿಡಿದು ಕೂರಿಸಿ ಭಾಗವತರ ಪದ್ಯ ಅರ್ಧಕ್ಕೇ ನಿಲ್ಲಿಸಿಬಿಡುತ್ತಿತ್ತು. ಮೂರು ಸಲ ತಟ್ಟಿಯೂ ಓಗೊಡದಿದ್ದರೆ ಮಾತ್ರ ಎಂದು ತಿದ್ದಿದೆ.

ಎರಡು ವಾರ ಫೋನೇ ಇಲ್ಲ. ಆದರೆ ಅಪ್ಪಯ್ಯನಿಗೆ ಸ್ಕ್ರಿಪ್ಟಿನ ಮೇಲೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಬೆಳಗಿನ ಜಾವ ಟಾರ್ಚು ಹಿಡಿದು ನೆಲಮಾಳಿಗೆಗೆ ಇಳಿಯುವರು, ಲ್ಯಾಪ್‌ಟಾಪಿನ ಬೆನ್ನು ಮುಟ್ಟುವರು, ಮೇಲೆ ಬಂದು “ಬೆಚ್ಚಗಿದೆ” ಎಂದು ವರದಿ ಒಪ್ಪಿಸಿ ಕಾಫಿಗೆ ಕೂರುವರು.

ಒಂದು ದಿನ ಹಾಗೆ ಮುಟ್ಟಿದಾಗಲೇ ಹಾರ್ಡ್‌ಡಿಸ್ಕಿನ ವೈರು ಸಡಿಲಾಗಿದ್ದು. ಡಿಸ್ಕೇ ಇಲ್ಲದೆ ಸರ್ವರ್ ಏಳುವುದೆಲ್ಲಿಂದ? ವೈರು ಸಿಕ್ಕಿಸುತ್ತ ವಿವರಿಸಿದೆ: “ಮೇಸ್ತ್ರಿ ಹತ್ತು ಸೆಕೆಂಡಿನಲ್ಲಿ ಐದು ಸಲ ಎಬ್ಬಿಸ್ತಾನೆ ಅಪ್ಪಯ್ಯ. ಆಗಲೂ ನಿಲ್ಲದೇ ಬೀಳ್ತಿದ್ರೆ ಕೈಬಿಡ್ತಾನೆ. ಸ್ಕ್ರಿಪ್ಟಿಗೂ ಅದೇ ಐದರ ಲೆಕ್ಕ ಕಲಿಸಿದ್ದೆ.”

“ಐದೇ ಸಲವಾ?” ಅಪ್ಪಯ್ಯನಿಗೆ ಮೇಸ್ತ್ರಿಯ ಮೇಲಿದ್ದ ಗೌರವವೆಲ್ಲ ಇಳಿಯಿತು. “ಶಾಲೆಗೆ ಹೊರಡ್ಸೋಕೆ ನಿನ್ನ ಎಬ್ಬಿಸೋವಾಗ ನಾನೂ ಐದಕ್ಕೇ ಬಿಟ್ಟಿದ್ರೆ, ನೀನು ಇವತ್ತು ಸೀತೂರಲ್ಲೇ ಇರ್ತಿದ್ದೆ.”

ಅಡುಗೆಮನೆಯಿಂದ ಅಮ್ಮನ ದನಿ ಬಂತು.

“ಬಿಡ್ಬಹುದಿತ್ತು.”