ಹತ್ತು ಸಿಟ್ಟಿಂಗ್ ಮುಗಿದರೂ ಭುಜ ಅಲ್ಲೇ ಇರಲಿ

ನಿಮಗೆ ಫ್ರೋಜನ್ ಶೋಲ್ಡರ್ ಆಗಿದೆ. ಕೈ ಮೇಲೇಳುತ್ತಿಲ್ಲ, ಬೆನ್ನ ಹಿಂದಕ್ಕೆ ಹೋಗುತ್ತಿಲ್ಲ. ಮೂಳೆ ಡಾಕ್ಟರು ಚೀಟಿಯಲ್ಲಿ ‘ಫಿಸಿಯೋ, 10 ಸಿಟ್ಟಿಂಗ್’ ಎಂದು ಗೀಚಿದ್ದಾರೆ. ಹೆದರಬೇಡಿ. ಕೆಳಗಿನ ಕ್ರಮ ತಪ್ಪದೆ ಪಾಲಿಸಿದರೆ ಹತ್ತನ್ನೂ ಮುಗಿಸಿ, ಹೋದ ಹಾಗೇ ವಾಪಸು ಬರಬಹುದು.

ಮೊದಲ ದಿನ ಇಪ್ಪತ್ತು ನಿಮಿಷ ತಡವಾಗಿ ಹೋಗಿ. ಟ್ರಾಫಿಕ್ ಎನ್ನಿ, ಬೆಂಗಳೂರಿನಲ್ಲಿ ಇದಕ್ಕೆ ಯಾರೂ ಸಾಕ್ಷಿ ಕೇಳುವುದಿಲ್ಲ. ತೋಳು ಬಿಗಿಯಾದ ಬಟ್ಟೆಯನ್ನೇ ತೊಡಿ. ಫೈಲು ದಪ್ಪಗಿರಲಿ. ಹಳೇ ಥೈರಾಯ್ಡ್ ರಿಪೋರ್ಟು, ಕನ್ನಡಕದ ಚೀಟಿ, ಅತ್ತೆಯವರ ಮಂಡಿ ಎಕ್ಸ್‌ರೇ, ಯಾವುದನ್ನೂ ಬಿಡಬೇಡಿ. ಶುಗರ್ ಇರುವ ವಿಷಯ ಮಾತ್ರ ಎತ್ತಬೇಡಿ. ಸಕ್ಕರೆ ಕಾಯಿಲೆಯವರಿಗೆ ಈ ಭುಜದ ತೊಂದರೆ ಹೆಚ್ಚು ಎಂಬುದು ಫಿಸಿಯೋ ಮೇಡಂಗೆ ಗೊತ್ತು. ಭುಜಕ್ಕೆಂದು ಹೋದವರು ಮೈಸೂರು ಪಾಕಿನ ಲೆಕ್ಕ ಒಪ್ಪಿಸಬೇಕಾಗುತ್ತದೆ.

‘ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಿದೆ ಅಂಕಲ್?’ ಎಂದು ಕೇಳುತ್ತಾರೆ. ‘ಹನ್ನೆರಡು’ ಎನ್ನಿ. ರಾತ್ರಿ ಆ ಮಗ್ಗುಲಿಗೆ ಮಲಗಿದರೆ ಹೆಚ್ಚಾಗುತ್ತದೆಯೇ ಎಂಬಂಥ ಪ್ರಶ್ನೆಗಳನ್ನು ಸೊಸೆಗೆ ಬಿಡಿ. ನಿಮ್ಮ ನೋವು ಅವಳಿಗೇ ಹೆಚ್ಚು ಗೊತ್ತಿರಬೇಕು.

ಬಳಿಕ ಗೋನಿಯೋಮೀಟರ್ ಹಿಡಿದು ಕೈ ಎಷ್ಟು ಡಿಗ್ರಿ ಏಳುತ್ತದೆಂದು ಅಳೆಯುತ್ತಾರೆ. ಇಲ್ಲಿ ಕೌಶಲ ಬೇಕು. ಕೈ ಎತ್ತುವಾಗ ಭುಜವನ್ನು ಕಿವಿಯತ್ತ ಸೇರಿಸಿ, ಮೈಯನ್ನು ಇನ್ನೊಂದು ಪಕ್ಕಕ್ಕೆ ವಾಲಿಸಿ. ಕೀಲು ಒಂದಿಷ್ಟೂ ಅಲುಗದೆ ಕೈ ಮೇಲೆ ಹೋಗುತ್ತದೆ. ಗೋಡೆಯ ಮೇಲಿನ ಬೆರಳೇಣಿ ಹತ್ತಿಸಿದರೆ ಇನ್ನೂ ಸುಲಭ: ತುದಿಗಾಲಲ್ಲಿ ನಿಂತುಬಿಡಿ. ಮೇಡಂ ಭುಜ ಒತ್ತಿ ಹಿಡಿದು ‘ಈಗ ಎತ್ತಿ’ ಅಂದರೆ, ಕೆಮ್ಮಿ.

ಇನ್ನು ಕರೆಂಟು. ಫಿಸಿಯೋಥೆರಪಿ ಅಂದರೆ ಕರೆಂಟೇ ಎಂದು ದೃಢವಾಗಿ ನಂಬಿ. ಮೆಷಿನ್ ಹಚ್ಚಿದರೆ ಟ್ರೀಟ್‌ಮೆಂಟು, ಕೈ ಆಡಿಸಲು ಹೇಳಿದರೆ ಟೈಂಪಾಸು. ಪ್ಯಾಡು ಅಂಟಿಸಿದೊಡನೆ ‘ಇನ್ನೂ ಸ್ವಲ್ಪ ಜೋರು ಇಡಿ ಮೇಡಂ’ ಎನ್ನಿ. ಕೊಟ್ಟ ದುಡ್ಡಿಗೆ ಜುಮುಜುಮು ಸಾಲಬೇಕಲ್ಲ. ಅಲ್ಟ್ರಾಸೌಂಡ್ ಮಾತ್ರ ಅನುಮಾನಾಸ್ಪದ. ತಣ್ಣನೆ ಜೆಲ್ ಹಚ್ಚಿ ಏನನ್ನೋ ಸವರುತ್ತಾರೆ, ಏನೂ ಗೊತ್ತಾಗುವುದಿಲ್ಲ. ಸ್ವಿಚ್ ಹಾಕಿದ್ದಾರೋ ಇಲ್ಲವೋ ಕೇಳಿ ಖಚಿತಪಡಿಸಿಕೊಳ್ಳಿ. ಕರೆಂಟಿನ ಹಿಂದೆ ಒಂದು ಕಥೆಯೂ ಇದೆ: ಮೆಲ್ಜಾಕ್ ಮತ್ತು ವಾಲ್ ಎಂಬಿಬ್ಬರು 1965ರಲ್ಲಿ ‘ಗೇಟ್ ಕಂಟ್ರೋಲ್’ ಸಿದ್ಧಾಂತ ಮಂಡಿಸಿದರು. ಬೇರೆ ಸ್ಪರ್ಶ ಸಂವೇದನೆಗಳು ಬೆನ್ನುಹುರಿಯಲ್ಲೇ ನೋವಿನ ಸುದ್ದಿಗೆ ಬಾಗಿಲು ಹಾಕಬಲ್ಲವು ಎಂಬುದು ಅದರ ಸಾರ. ಅಂದರೆ ಕರೆಂಟು ನೋವನ್ನು ಸ್ವಲ್ಪ ಹೊತ್ತು ತಡೆದೀತು. ಬಿಗಿದ ಕೀಲನ್ನು ಸಡಿಲಿಸುವುದು ಆ ಹೊತ್ತಿನಲ್ಲಿ ನೀವು ಮಾಡುವ ವ್ಯಾಯಾಮ. ಇಂಥ ಮಾಹಿತಿ ಚಿಕಿತ್ಸೆಗೆ ಅಡ್ಡಿ. ಓದಿದ್ದನ್ನು ಮರೆತು, ನೋವು ತಗ್ಗಿದ ಆ ಅಮೂಲ್ಯ ಗಳಿಗೆಯಲ್ಲಿ ಪಕ್ಕದ ದರ್ಶಿನಿಗೆ ಹೋಗಿ ಮಸಾಲೆ ದೋಸೆ ತಿನ್ನಿ. ಹಿಡಿದಿರುವುದು ಬಲಭುಜವಾದರೆ, ಎಡಗೈಯಲ್ಲಿ ತಿನ್ನಲಾಗದು ಎಂಬುದೊಂದೇ ತೊಡಕು.

ಎಲ್ಲಕ್ಕಿಂತ ಮುಖ್ಯವಾದದ್ದು ಮನೆಪಾಠ. ಒಂದು ಹಾಳೆ ಕೊಡುತ್ತಾರೆ: ಬಗ್ಗಿ ಕೈಯನ್ನು ಲೋಲಕದಂತೆ ತೂಗಿ, ಗೋಡೆಯ ಮೇಲೆ ಬೆರಳು ನಡೆಸಿ, ಬೆನ್ನ ಹಿಂದೆ ಟವೆಲ್ ಹಿಡಿದು ಎಳೆಯಿರಿ, ತಲಾ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹಾಳೆಯನ್ನು ಫ್ರಿಜ್ಜಿನ ಮೇಲೆ ಆಯಸ್ಕಾಂತದಿಂದ ಅಂಟಿಸಿ. ಬಾಗಿಲು ತೆಗೆದಾಗಲೆಲ್ಲ ಕಣ್ಣಿಗೆ ಬಿದ್ದರೆ ಅರ್ಧ ಮಾಡಿದಂತೆಯೇ. ಟವೆಲನ್ನು ಸ್ನಾನಕ್ಕೆ ಬಳಸಿ. ವಾರವಿಡೀ ಬಿಟ್ಟದ್ದನ್ನೆಲ್ಲ ಅಪಾಯಿಂಟ್‌ಮೆಂಟಿನ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುವ ಮುಂಚೆ ಒಂದೇ ಉಸಿರಿಗೆ ಮುಗಿಸಿ. ಭುಜ ಉರಿಯುತ್ತದೆ, ಬಹಳ ಒಳ್ಳೆಯದು. ನೇರವಾಗಿ ಹೋಗಿ ‘ನೀವು ಹೇಳಿದ ಎಕ್ಸರ್‌ಸೈಜಿನಿಂದಲೇ ನೋವು ಜಾಸ್ತಿಯಾಯ್ತು ಮೇಡಂ’ ಎಂದು ದೂರಿ. ‘ದಿನಾ ಮಾಡಿದ್ರಾ?’ ಎಂದರೆ ‘ಆದಷ್ಟು’ ಎನ್ನಿ. ಅದಕ್ಕೆ ಮರುಪ್ರಶ್ನೆ ಇಲ್ಲ.

ನಾಲ್ಕನೇ ಸಿಟ್ಟಿಂಗಿನ ಹೊತ್ತಿಗೆ ವೇಟಿಂಗ್ ರೂಮಿನಲ್ಲಿ ಒಬ್ಬರು ಸಿಕ್ಕೇ ಸಿಗುತ್ತಾರೆ, ಅವರ ಭಾವನಿಗೆ ನಾಟಿ ಕಟ್ಟಿನಿಂದ ವಾಸಿಯಾಗಿರುತ್ತದೆ. ತಡಮಾಡದೆ ವಿಳಾಸ ಬರೆದುಕೊಳ್ಳಿ. ಅಲುಗಾಡದೆ ಗಟ್ಟಿಯಾದ ಭುಜವನ್ನು ಹದಿನೈದು ದಿನ ಅಲುಗದಂತೆ ಬಿಗಿದು ಕಟ್ಟುವುದಕ್ಕಿಂತ ಪಕ್ಕಾ ಉಪಾಯ ನನಗಂತೂ ತಿಳಿಯದು. ಕಟ್ಟು ಬಿಚ್ಚಿಸಿ ಐದನೇ ಸಿಟ್ಟಿಂಗಿಗೆ ಹಾಜರಾಗಿ, ನಡುವೆ ನೆಂಟರ ಮದುವೆ ಇತ್ತು ಎನ್ನಿ.

ಸಿಟ್ಟಿಂಗು ಮುಗಿದ ಮೇಲೂ ಕೈ ಏಳದಿದ್ದರೆ ಧೈರ್ಯವಾಗಿರಿ. ಈ ಕಾಯಿಲೆ ಒಂದರಿಂದ ಮೂರು ವರ್ಷ ಎಳೆದಾಡಿ ಎಷ್ಟೋ ಜನರಲ್ಲಿ ತಾನಾಗಿಯೇ ಸಡಿಲವಾಗುತ್ತದೆ. ಆ ಹೊತ್ತಿಗೆ ಯಾವ ಎಣ್ಣೆ ಹಚ್ಚುತ್ತಿದ್ದಿರೋ ಅದರ ಹೆಸರನ್ನು ಮನೆಮಂದಿಗೆಲ್ಲ ಹೇಳಿ. ಪಕ್ಕದ ಮನೆಯವರಿಗೆ ಸೊಂಟ ಹಿಡಿದಿದೆಯಂತೆ. ನಿಮ್ಮ ಹಾಳೆಯನ್ನು ಫ್ರಿಜ್ಜಿನಿಂದ ಬಿಡಿಸಿ ಅವರಿಗೆ ಕೊಡಿ. ಭುಜದ್ದಾದರೇನು, ಅವರೂ ಮಾಡುವುದಿಲ್ಲ.