ಸುಗಂಧವರ್ತಿಯ ಬಚ್ಚಲು

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ರಟ್ಟರು ರಾಜಧಾನಿಯನ್ನು ವೇಣುಗ್ರಾಮಕ್ಕೆ, ಎಂದರೆ ಇಂದಿನ ಬೆಳಗಾವಿಗೆ, ಒಯ್ಯುವ ತನಕ ಇಲ್ಲಿಂದಲೇ ಆಳಿದರು. ಇಷ್ಟು ಘಮಘಮಿಸುವ ಹೆಸರಿನ ಊರಲ್ಲಿ ಚೈತ್ರದ ಒಂದು ಸಂಜೆ ಸುಗಂಧದ ಜಾಡು ಹಿಡಿದು ಹೊರಟರೆ ದಾರಿ ನೆಟ್ಟಗೆ ಯಾವುದಾದರೂ ಹಿತ್ತಲಿನ ಬಚ್ಚಲಿಗೆ ಹೋಗಿ ಮುಟ್ಟುತ್ತದೆ. ಬಚ್ಚಲ ನೀರು ಹರಿಯುವ ದಾರಿಗೆ ಒಂದು ಮೊಳ ಆಚೆ ದುಂಡುಮಲ್ಲಿಗೆ ಬಿರಿದಿರುತ್ತದೆ, ಅದರ ಪಕ್ಕ ಕರಿಬೇವು, ದಾರಿ ಮುಗಿಯುವಲ್ಲಿ ಬಾಳೆ. ಮನೆಯ ಮುಂದೆ, ಬರುವವರ ಕಣ್ಣಿಗೆ ಬೀಳಲೆಂದು ಬಣ್ಣದ ಕುಂಡಗಳಲ್ಲಿ ಇಟ್ಟದ್ದೆಲ್ಲ ಅಷ್ಟರಲ್ಲಿ ಕಾದ ಹಂಚಿನ ಮೇಲಿನ ಹಪ್ಪಳವಾಗಿರುತ್ತದೆ. ಇದರಿಂದ ಹೊರಡುವ ತೀರ್ಮಾನ ಒಂದೇ: ಬೇಸಿಗೆಯಲ್ಲಿ ಮನೆಯ ನಿಜವಾದ ಮಾಲಿ ಯಾರೆಂದರೆ ಮುಸುರಿ ಭಾಂಡೆ ತಿಕ್ಕುವವರು. ಸಂಜೆ ಆರಕ್ಕೆ ಬನಿಯನ್ನು ತೊಟ್ಟು, ಪೈಪು ಹಿಡಿದು, ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತ ನಿಲ್ಲುವ ಯಜಮಾನರು ಈ ಮಾತನ್ನು ಒಪ್ಪಲಿಕ್ಕಿಲ್ಲ. ಅವರ ತಕರಾರುಗಳನ್ನು ಆಮೇಲೆ ಕೇಳೋಣ.

ಮೊದಲ ಸಾಕ್ಷಿ ಎರಿ ಮಣ್ಣಿನದು. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಕುಗ್ಗಿದಾಗ ಬಾಯಿ ಬಿಡುತ್ತದೆ. ಭಾರತ ಹುಣ್ಣಿಮೆಯ ಜಾತ್ರೆ ಮುಗಿಸಿ ಎಲ್ಲಮ್ಮನ ಗುಡ್ಡದಿಂದ ಚಕ್ಕಡಿಗಳು ಮರಳುವ ಹೊತ್ತಿಗೆ ಕೂದಲೆಳೆಯಷ್ಟಿದ್ದ ಬಿರುಕು, ಯುಗಾದಿಗೆ ಬೇವು ಹೂ ಬಿಡುವಾಗ ಕೈ ತೂರುವಷ್ಟು ಅಗಲವಾಗಿರುತ್ತದೆ. ಮೂರು ದಿನ ಗಿಡವನ್ನು ಮರೆತು ನಾಲ್ಕನೆಯ ದಿನ ಪಶ್ಚಾತ್ತಾಪದಿಂದ ಎರಡು ಬಕೀಟು ಸುರಿಯುವವರ ನೀರು ಬೇರಿಗೆ ಹಾಯ್ ಎನ್ನದೆ ಆ ಬಿರುಕಿನಲ್ಲಿ ನೇರ ಪಾತಾಳಕ್ಕೆ ಇಳಿಯುತ್ತದೆ. ಬಚ್ಚಲಿನ ಕೊಡುಗೆಯ ರೀತಿಯೇ ಬೇರೆ. ಬೆಳಿಗ್ಗೆ ಚಹಾದ ಬಟ್ಟಲು ತೊಳೆದದ್ದು, ಹತ್ತಕ್ಕೆ ಅಕ್ಕಿ ತೊಳೆದದ್ದು, ಮಧ್ಯಾಹ್ನ ಊಟದ ತಾಟು, ಸಂಜೆ ಕೈಕಾಲು, ರಾತ್ರಿ ಮತ್ತೆ ಭಾಂಡೆ: ದಿನಕ್ಕೆ ಏಳೆಂಟು ಸಲ ಗುಟುಕು ಗುಟುಕಾಗಿ ಬರುತ್ತದೆ. ಅಲ್ಲಿನ ಮಣ್ಣಿಗೆ ಒಣಗಲು ಪುರುಸೊತ್ತಿಲ್ಲ, ಒಣಗದ್ದಕ್ಕೆ ಬಿರುಕಿಲ್ಲ, ಬಿರುಕಿಲ್ಲದ್ದಕ್ಕೆ ಬಂದ ನೀರು ಬೇರಿನಲ್ಲೇ ನಿಲ್ಲುತ್ತದೆ. ಹಾಗಾಗಿ ಬೇಸಿಗೆ ಕಾಲಿಡುವಾಗ ಮಾಡಬೇಕಾದ ಕೆಲಸವೂ ದೊಡ್ಡದಲ್ಲ. ಮೋರಿ ಕೆದರಿ, ಬಾಳೆಬುಡಕ್ಕೆ ಒಂದು ಕವಲು, ಲಿಂಬೆಗೆ ಒಂದು ಕವಲು ತೆಗೆದು, ಪಾತಿ ಸಡಿಲಿಸಿ, ಮೇಲೆ ಒಂದು ಗೇಣು ಜೋಳದ ಕಣಕಿಯನ್ನೋ ಶೇಂಗಾ ಹೊಟ್ಟನ್ನೋ ಹೊದಿಸಿದರೆ ಮುಗಿಯಿತು. ಸುಗ್ಗಿ ಮುಗಿದ ಹೊಸತರಲ್ಲಿ ಇವೆರಡಕ್ಕೂ ಈ ಸೀಮೆಯಲ್ಲಿ ಬರವಿಲ್ಲ. ಉಳಿದ ಕಸುಬು ಮುಸುರಿಗೆ ಬಿಟ್ಟದ್ದು.

ಎರಡನೆಯ ಸಾಕ್ಷಿ ಆ ಮೋರಿ ಕೆದರುವಾಗ ಸಿಗುವ ವಸ್ತುಗಳದು. ಸಲಿಕೆಗೆ ಮೊದಲು ತಾಗುವುದು ಚಮಚ. ದೀಪಾವಳಿಯಿಂದ “ಚಮಚಾ ಒಂದ ಕಮ್ಮಿ ಐತಿ” ಎಂದು ಮನೆಮಂದಿಯನ್ನೆಲ್ಲ ಸಂಶಯಕ್ಕೆ ಗುರಿಮಾಡಿದ್ದ ಚಮಚ ಬಾಳೆಬೇರಿನ ನಡುವೆ ನಿರಪರಾಧಿಯಂತೆ ಮಲಗಿರುತ್ತದೆ. ಆಮೇಲೆ ಎರೆಹುಳ, ಎರಿ ಮಣ್ಣೆಲ್ಲ ಹೆಂಟೆಗಟ್ಟಿದ ಏಪ್ರಿಲ್ಲಿನಲ್ಲಿ ಅದಕ್ಕೆ ಉಳಿದ ವಸತಿ ಇದೊಂದೇ. ಅದಕ್ಕೆ ನೆರೆಯಾಗಿ ಒಂದು ಕಪ್ಪೆ, ಮಳೆಗಾಲದ ನಿರೀಕ್ಷೆಯಲ್ಲಿ. ಮತ್ತೆ ಯಾರೂ ನೆಡದ ಟೊಮೆಟೊ ಸಸಿ: ತಾಟಿನಿಂದ ತೊಳೆದುಹೋದ ಬೀಜ ತಾನಾಗಿ ಹುಟ್ಟಿ, ನರ್ಸರಿಯಿಂದ ದುಡ್ಡು ಕೊಟ್ಟು ತಂದು ಪೂಜೆ ಮಾಡಿ ನೆಟ್ಟ ಸಸಿಗಿಂತ ದಪ್ಪ ಕಾಂಡ ಬಿಟ್ಟಿರುತ್ತದೆ. ಇವರೆಲ್ಲರಿಗಿಂತ ನಂಬಿಗಸ್ತ ಸಾಕ್ಷಿ ಲಿಂಬೆ ಚಿಟ್ಟೆ. ಅದು ಮೊಟ್ಟೆಯಿಡುವುದು ಲಿಂಬೆ, ಕರಿಬೇವಿನ ಎಳೆ ಚಿಗುರಿನ ಮೇಲೆ. ಬೇಸಿಗೆಯಲ್ಲಿ ಚಿಗುರು ಇರುವುದು ನೀರಿರುವ ಕಡೆ. ಮರಿಹುಳ ಮೊದಮೊದಲು ಹಕ್ಕಿಯ ಹಿಕ್ಕೆಯಂತೆ ಕಪ್ಪುಬಿಳುಪಾಗಿ ಕೂತು ಹಕ್ಕಿಗಳಿಗೇ ಮಂಕುಬೂದಿ ಎರಚುತ್ತದೆ, ಬಲಿತ ಮೇಲೆ ಎಲೆಯಂತೆ ಹಸಿರಾಗುತ್ತದೆ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕವಲುಕೋಡು ಹೊರಚಾಚಿ ಗಬ್ಬು ವಾಸನೆ ಬಿಡುತ್ತದೆ. ಸುಗಂಧವರ್ತಿಯಲ್ಲಿ ಊರ ಹೆಸರಿನ ಹಂಗಿಲ್ಲದ ಜೀವ ಇದೊಂದೇ. ಒಗ್ಗರಣೆಗೆ ಎಲೆ ಮುರಿಯಲು ಬಂದವರು ಹುಳ ಕಂಡು ಹೌಹಾರುವುದುಂಟು. ಆದರೆ ಆರು ಕಾಲಿನ ಒಂದು ಜೀವ ಊರೆಲ್ಲ ತಿರುಗಿ ಈ ಗಿಡವನ್ನೇ ಆರಿಸಿತು ಎಂದರೆ ಬಚ್ಚಲಿಗೆ ಅದಕ್ಕಿಂತ ಒಳ್ಳೆಯ ಶಿಫಾರಸು ಬೇಕಿಲ್ಲ.

ಈಗ ಯಜಮಾನರ ತಕರಾರು. ಊರ ಪಕ್ಕದಲ್ಲೇ ರೇಣುಕಾಸಾಗರ, ಅದರ ಹೊಟ್ಟೆಯೋ 37.73 ಟಿಎಂಸಿ, ಸಮುದ್ರದ ದಂಡೆಯಲ್ಲಿ ಕೂತು ಮುಸುರಿ ನೀರಿಗೆ ಕೈಯೊಡ್ಡುವ ದೈನ್ಯ ಯಾಕೆ ಎಂದು ಅವರು ಕೇಳುತ್ತಾರೆ. ಹೊಟ್ಟೆ ದೊಡ್ಡದಿದ್ದರೆ ಸಾಲದು, ಊಟ ಬರಬೇಕು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಅಲ್ಲಿನ ಕಾಡಿನಲ್ಲಿ ಮಳೆ ಹಿಡಿಯದೆ ನವಿಲುತೀರ್ಥದ ಅಣೆಕಟ್ಟು ತುಂಬುವುದಿಲ್ಲ. ತುಂಬಿದ್ದಕ್ಕೂ ಕಾಲುವೆ ಕೆಳಗಿನ ಹೊಲಗಳ ಹಕ್ಕಿದೆ, ಹುಬ್ಬಳ್ಳಿ–ಧಾರವಾಡದ ನಳಗಳ ಹಕ್ಕಿದೆ. ನಾವು ನೋಡುತ್ತಿರುವ ಸಾಗರ ಅರ್ಧಕ್ಕರ್ಧ ಬೇರೆಯವರ ಕೊಡಗಳಲ್ಲಿದೆ. ಅಷ್ಟಕ್ಕೂ ಮುಸುರಿ ನೀರು ಬೇರೆಲ್ಲಿಂದ ಬಂತು? ಅದೂ ಅದೇ ಮಲಪ್ರಭೆಯ ನೀರು; ಪಾತ್ರೆ ತೊಳೆಯುವ ಪುಣ್ಯವನ್ನೂ ಕಟ್ಟಿಕೊಂಡು ಬಂದದ್ದು, ಅಷ್ಟೇ.

ಸಾಬೂನಿನ ತಕರಾರು ಮಾತ್ರ ಗಟ್ಟಿಯಾದದ್ದು, ಅದನ್ನು ನಗೆಯಲ್ಲಿ ತೇಲಿಸಲಾಗದು. ಬೂದಿ, ಹುಣಸೆಹಣ್ಣು, ಸೀಗೆಕಾಯಿಗಳ ಕಾಲದ ಬಚ್ಚಲಿಗೂ ಇಂದಿನ ಪುಡಿಗಳ ಬಚ್ಚಲಿಗೂ ಅಜಗಜಾಂತರ. ಬೂದಿಯಲ್ಲಿ ಗಿಡಕ್ಕೆ ಬೇಕಾದ ಪೊಟ್ಯಾಷ್ ಇತ್ತು. ಬಟ್ಟೆ ಒಗೆಯುವ ಪುಡಿಯಲ್ಲಿ ಸೋಡಿಯಂ ಇದೆ, ಅದು ಜೇಡಿಯ ಕಣಗಳನ್ನು ಬಿಡಿಬಿಡಿ ಮಾಡಿ ಎರಿ ಮಣ್ಣನ್ನು ನೀರೇ ಇಳಿಯದ ಹಲಗೆಯಾಗಿಸುತ್ತದೆ. ಆದ್ದರಿಂದ ಬಚ್ಚಲಿನಲ್ಲೂ ಪಂಕ್ತಿಭೇದ ಬೇಕು. ಬಟ್ಟೆಯ ನೊರೆನೀರು ಹಿತ್ತಲಿಗೆ ಬೇಡವೇ ಬೇಡ. ಭಾಂಡೆಯ ಮೊದಲ ನೀರು ಏನು ಕೊಟ್ಟರೂ ಬೇಡವೆನ್ನದ ಬಾಳೆಗೆ. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದದ್ದು ಮಲ್ಲಿಗೆ, ಕರಿಬೇವಿಗೆ. ರೊಟ್ಟಿಯ ಜೊತೆ ಹಸಿಹಸಿಯಾಗಿ ಕಡಿಯುವ ಮೆಂತೆ, ಹಕ್ಕರಕಿ, ಮೂಲಂಗಿಗಳ ಮಡಿಗೆ ಮಾತ್ರ ಇದರ ಹನಿಯೂ ತಾಗಕೂಡದು; ಅವಕ್ಕೆ ಕೊಡದಲ್ಲಿ ತುಂಬಿಟ್ಟ ನೀರೇ ಆಗಬೇಕು. ಎರಡು ಮೂರು ವರ್ಷಕ್ಕೊಮ್ಮೆ ಮೋರಿಯ ದಿಕ್ಕು ಬದಲಿಸಿ, ಹಳೆಯ ದಾರಿಗೆ ಎರಡು ಬುಟ್ಟಿ ತಿಪ್ಪೆಗೊಬ್ಬರ ಹಾಕಿದರೆ ಮಣ್ಣೂ ದಣಿವಾರಿಸಿಕೊಳ್ಳುತ್ತದೆ. ಇಷ್ಟೆಲ್ಲ ಲೆಕ್ಕ ಇಡುವವರನ್ನು ಮಾಲಿ ಎನ್ನದೆ ಇನ್ನೇನು ಎನ್ನಬೇಕು?

ಸೊಳ್ಳೆಯ ಮಾತೂ ಬರುತ್ತದೆ, ಅದೂ ಡೆಂಗಿಯ ಹೆಸರು ಹಿಡಿದು. ನಿಂತ ಮುಸುರಿಯಲ್ಲಿ ಸೊಳ್ಳೆ ಹುಟ್ಟುವುದು ನಿಜ, ಹುಟ್ಟಲು ಸುಮಾರು ಒಂದು ವಾರ ಬೇಕು ಎಂಬುದೂ ನಿಜ. ಬಾಳೆ ಆ ನೀರನ್ನು ಒಂದು ರಾತ್ರಿಯೂ ನಿಲ್ಲಗೊಡುವುದಿಲ್ಲ. ಡೆಂಗಿಯ ಸೊಳ್ಳೆಗಾದರೋ ಮೋರಿಗಿಂತ ತಿಳಿನೀರು ಪ್ರಿಯ. ನಳ ಬಂದ ದಿನ ತುಂಬಿಸಿ, ಮುಚ್ಚಳ ಮರೆತು, ಇನ್ನೊಮ್ಮೆ ನಳ ಬರುವವರೆಗೂ ಮುಟ್ಟದ ಆ ನೀಲಿ ಡ್ರಮ್ಮು ಅದಕ್ಕೆ ಅರಮನೆ. ಆ ಡ್ರಮ್ಮು ಸಾಮಾನ್ಯವಾಗಿ ಯಾರ ಉಸ್ತುವಾರಿಯಲ್ಲಿರುತ್ತದೆ, ಯಾರ ಪೈಪು ಅದರಲ್ಲಿ ಮುಳುಗಿರುತ್ತದೆ ಎಂಬುದನ್ನು ಹೇಳಿ ಮನೆಗಳಲ್ಲಿ ಜಗಳ ಹಚ್ಚುವುದು ಬೇಡ.

ಮೇ ತಿಂಗಳಲ್ಲಿ ಒಂದು ಸಂಜೆ ಧೂಳೆಬ್ಬಿಸಿಕೊಂಡು ಅಡ್ಡಮಳಿ ಬರುತ್ತದೆ. ಬಿರುಕುಗಳೆಲ್ಲ ಬಾಯಿ ಮುಚ್ಚುತ್ತವೆ, ಸತ್ತವೆಂದು ಬಗೆದ ಕುಂಡದ ಗಿಡಗಳಲ್ಲಿ ಎರಡು ಚಿಗುರುತ್ತವೆ. ಯಜಮಾನರು ಅವುಗಳ ಮುಂದೆ ನಿಂತು, ನೀರು ಹಾಕಿದ್ದು ಸಾರ್ಥಕವಾಯಿತು ಎಂದು ನೆರೆಮನೆಯವರಿಗೆ ಹೇಳುತ್ತಾರೆ. ಒಳಗೆ ಭಾಂಡೆ ತೊಳೆದು ಬೋರಲು ಹಾಕುತ್ತಿರುವವರು ಚಮಚಗಳನ್ನು ಎಣಿಸುತ್ತಾರೆ. ಮತ್ತೆ ಒಂದು ಕಮ್ಮಿ.